ಗಾಡಿಗೆ ಕೇಳಿಸದಷ್ಟು ದೂರದಲ್ಲಿ

ನದೀಮೂಲ, ಋಷಿಮೂಲ ಹುಡುಕಬಾರದು ಎಂದು ಹಿರಿಯರು ಹೇಳಿದ್ದಾರೆ. ಗಾಡಿಮೂಲದ ಬಗ್ಗೆ ಏನೂ ಹೇಳಿಲ್ಲ. ಹಾಗಾಗಿ ನಾನು ಅದನ್ನೇ ಹುಡುಕಿ ಹೊಟ್ಟೆ ಹೊರೆದುಕೊಂಡೆ.

ನಾನು ವಿಮೆ ಕಂಪನಿಯ ಸರ್ವೇಯರ್ ಆಗಿದ್ದವನು. ಅಪಘಾತವಾದ ಗಾಡಿ ನೋಡಿ, ಏನು ಮುರಿದಿದೆ, ಹೇಗೆ ಮುರಿದಿದೆ, ಕೇಳಿದ ಪರಿಹಾರ ನ್ಯಾಯವೇ ಅಂತ ವರದಿ ಬರೆಯುವುದು ನನ್ನ ಕೆಲಸ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ನನ್ನ ಸೀಮೆ. ಸರ್ವೇಯರ್ ಬಂದಿದ್ದಾನೆ ಅಂದರೆ ಸಾಕು, ಹಳ್ಳಿಯಲ್ಲಿ ಇಬ್ಬರು ಮೂವರು ಹೊಲದ ಬದುವಿನ ಜಗಳ ಹಿಡಿದುಕೊಂಡು ಬರುತ್ತಿದ್ದರು. ನಾನು ಹೊಲ ಅಳೆಯುವವನಲ್ಲ ಎಂದರೂ ಬಿಡುತ್ತಿರಲಿಲ್ಲ. ಒಂದೆರಡು ಕಡೆ ಬದುವಿನ ಮೇಲೆ ನಿಂತು ಸುಮ್ಮನೆ ತಲೆಯಾಡಿಸಿ ಬಂದಿದ್ದೇನೆ. ಅದರಿಂದಲೇ ಜಗಳ ತಣ್ಣಗಾಯಿತೆಂದು ಆಮೇಲೆ ಕೇಳಿದೆ.

ಈಗ ಈ ಕೆಲಸಕ್ಕೆ ಬರುತ್ತಿರುವ ಹುಡುಗ ಹುಡುಗಿಯರು ನನ್ನನ್ನು ಕೇಳುವುದು ಬಡ್ತಿ, ಪರೀಕ್ಷೆ, ಭತ್ಯೆಗಳ ವಿಷಯ. ಅವು ತಾವಾಗಿಯೇ ಬರುತ್ತವೆ, ಇಲ್ಲವೇ ಬರುವುದಿಲ್ಲ. ನನಗೆ ನೆನಪಿರುವುದು ಬೇರೆಯೇ. ನನ್ನ ಅರ್ಧ ನೌಕರಿ ಬಸ್ಸಿನ ಕಿಟಕಿಯಲ್ಲಿ ಕಳೆಯಿತು. ಹೊರಗೆ ಸೂರ್ಯಕಾಂತಿ ಹೊಲಗಳು ಹಿಂದೆ ಸರಿಯುತ್ತಿದ್ದವು. ಕಣ್ಣು ಮುಚ್ಚಿದರೂ ಹಳದಿ ಹೋಗುತ್ತಿರಲಿಲ್ಲ. ಅರೆನಿದ್ದೆಯಲ್ಲಿ ಇಳಿದು ಗ್ಯಾರೇಜಿಗೆ ಹೋದರೆ ಅಲ್ಲಿ ಗಾಡಿಗಳೂ ಬಾನೆಟ್ಟು ತೆರೆದುಕೊಂಡು ನಿದ್ದೆ ಹೋದಂತೆ ನಿಂತಿರುತ್ತಿದ್ದವು. ಯಾವ ಗಾಡಿ ಯಾವ ರಾತ್ರಿ ಎಲ್ಲಿ ಬಿದ್ದಿತ್ತು, ಅದಕ್ಕೂ ಹಿಂದೆ ಎಲ್ಲಿ ಬಿದ್ದಿತ್ತು ಎಂದು ಅವುಗಳ ಸುತ್ತ ತಿರುಗುವುದು ನನಗೆ ಎಂದೂ ಬೇಸರ ತರಲಿಲ್ಲ.

ಹಿಂದಿನದನ್ನು ಯಾಕೆ ಕೆದಕಬೇಕು ಎಂದು ಹೊಸಬರು ಕೇಳುತ್ತಾರೆ. ಕಾರಣ ಸರಳ. ವರ್ಷವಿಡೀ ಪರಿಹಾರ ಕೇಳದ ಗಾಡಿಗೆ ಮರುವರ್ಷ ವಿಮೆಯ ಕಂತಿನಲ್ಲಿ ರಿಯಾಯಿತಿ ಸಿಗುತ್ತದೆ. ಅದಕ್ಕೆ ಬೋನಸ್ ಅನ್ನುತ್ತಾರೆ. ಒಂದು ಕಂಪನಿಯಿಂದ ಪರಿಹಾರ ಪಡೆದವರು ಮರುವರ್ಷ ಇನ್ನೊಂದು ಕಂಪನಿಗೆ ಹೋಗಿ, ಹಿಂದೆ ಏನೂ ಆಗಿಲ್ಲ ಎಂದು ಹೇಳಿ ಬೋನಸ್ ಪಡೆಯುವುದುಂಟು. ಮುಂದೆ ಗಾಡಿ ಬಿದ್ದಾಗ ಹಳೆಯ ಕ್ಲೇಮು ಹೊರಬೀಳುತ್ತದೆ. ಆಗ ಕಂಪನಿ, ನೀವು ವಿಷಯ ಬಚ್ಚಿಟ್ಟಿದ್ದೀರಿ, ಕೊಡುವುದಿಲ್ಲ ಎನ್ನುತ್ತದೆ. ನಾನು ನೋಡಿದ ಜಗಳಗಳಲ್ಲಿ ಬಹುಪಾಲು ಇದೇ.

ನನಗೆ ಕೆಲಸ ಕಲಿಸಿದವರು ನರಸಿಂಗರಾಯರು ಎಂಬ ಹಳೆಯ ಸಾಹೇಬರು. ಅವರು ಗಾಡಿಯ ಬಾಗಿಲಿಗೆ ಬೆರಳ ಗೆಣ್ಣಿನಿಂದ ತಟ್ಟಿ ಕಿವಿಯಿಡುತ್ತಿದ್ದರು. ಬರೀ ತಗಡಾದರೆ ಸದ್ದು ಟಣಕ್ಕೆನ್ನುತ್ತದೆ. ಒಳಗೆ ಪುಟ್ಟಿ ತುಂಬಿ ಬಣ್ಣ ಬಳಿದಿದ್ದರೆ ಗೋಡೆ ತಟ್ಟಿದಂತೆ ಮಂಕಾಗಿ ಕೇಳುತ್ತದೆ. "ಗಾಡಿ ನೋಡೋದಕ್ಕಿಂತ ಮುಂಚೆ ಗಾಡಿಯವನ ಊಟ ಆಗಿದೆಯಾ ಕೇಳು. ಹಸಿದವನು ಸತ್ಯಾನೂ ಸಿಟ್ಟಿನಿಂದಲೇ ಹೇಳ್ತಾನೆ, ಅದು ಸುಳ್ಳಿನ ಹಾಗೇ ಕೇಳಿಸುತ್ತೆ" ಎನ್ನುತ್ತಿದ್ದರು. ಅವರಷ್ಟು ಸೊಗಸಾಗಿ ಕುರ್ಚಿಯಲ್ಲಿ ತೂಕಡಿಸುವವರನ್ನೂ ನಾನು ಕಂಡಿಲ್ಲ.

ತಟ್ಟಿ ನೋಡುವ ವಿದ್ಯೆ ನನ್ನ ತಲೆಗೆ ಎಷ್ಟು ಹತ್ತಿತೆಂದರೆ, ಹರಪನಹಳ್ಳಿಯ ಒಂದು ಗ್ಯಾರೇಜಿನಲ್ಲಿ ಬಿಳಿ ಜೀಪೊಂದನ್ನು ಹಿಂದುಮುಂದೆ ತಟ್ಟಿ, ಇದು ಹಿಂದೆ ಭಾರಿ ಪೆಟ್ಟು ತಿಂದ ಗಾಡಿ ಎಂದು ಉದ್ದನೆಯ ಟಿಪ್ಪಣಿ ಮಾಡಿಕೊಂಡೆ. ತಿರುಗಿ ನೋಡಿದರೆ ಒಬ್ಬರು ಗಾಬರಿಯಿಂದ ನಿಂತಿದ್ದರು. "ಯಾಕ್ ಸಾರ್, ನನ್ನ ಗಾಡಿಗೆ ಏನಾತು? ನಾನು ಆಯಿಲ್ ಬದ್ಲಿ ಮಾಡ್ಸಾಕ ಬಿಟ್ಟಿದ್ದೆ" ಎಂದರು. ನಾನು ನೋಡಬೇಕಾದ ಬಿಳಿ ಜೀಪು ಅದರ ಆಚೆ, ಬೇವಿನ ಮರದ ಕೆಳಗೆ ನುಜ್ಜುಗುಜ್ಜಾಗಿ ನಿಂತಿತ್ತು. ಬಸ್ಸಿನ ನಿದ್ದೆ ಪೂರ್ತಿ ಬಿಡುವ ಮುನ್ನ ಕೆಲಸ ಶುರು ಮಾಡಬೇಡಿ ಎಂದು ಹೇಳಲು ಇದನ್ನು ಬರೆದೆ.

ನಿಜವಾದ ಪಾಠ ಆದದ್ದು ತಂಬ್ರಹಳ್ಳಿಯಲ್ಲಿ. ಒಬ್ಬ ರೈತರ ಟ್ರ್ಯಾಕ್ಟರು ಮಗುಚಿತ್ತು. ಅಂಗಳದಲ್ಲಿ ಅದರ ಪಕ್ಕದಲ್ಲೇ ನಿಂತು, ಇದಕ್ಕೆ ಮೊದಲು ಏನಾದರೂ ಅಪಘಾತ ಆಗಿತ್ತೇ ಎಂದು ಕೇಳಿದೆ. "ಏನೂ ಇಲ್ರಿ" ಎಂದು ಥಟ್ಟನೆ ಹೇಳಿ, ಮಳೆಯ ಮಾತು ತೆಗೆದರು. ಮತ್ತೆ ಕೇಳಿದೆ. ಅವರ ಮನೆಯವರು ಒಳಗಿನಿಂದ ಬಂದು, "ಚಾ ಕುಡೀರಿ ಸಾಹೇಬ್ರ" ಎಂದು ನನ್ನ ಮುಖವನ್ನೇ ದಿಟ್ಟಿಸಿದರು. ನಾನೇನೋ ಬೈಗುಳ ಆಡಿದೆನೋ ಅನ್ನುವ ಹಾಗಿತ್ತು ಆ ನೋಟ. ಚಹಾ ಮುಗಿದ ಮೇಲೆ ರೈತರು ನನ್ನನ್ನು ಊರ ಬಾವಿಯ ತನಕ ಕರೆದುಕೊಂಡು ಹೋದರು. ಅಲ್ಲಿ ಕಟ್ಟೆಯ ಮೇಲೆ ಕೂತು ದನಿ ತಗ್ಗಿಸಿದರು.

"ಅದರ ಮುಂದ ಅದನ್ನ ಕೇಳ್ತೀರಲ್ಲ ಸಾಹೇಬ್ರ! ಹೋದ ವರ್ಷ ಕಾಲುವಿಗೆ ಬಿದ್ದಿತ್ತು. ರಿಪೇರಿ ಮಾಡಿಸಿ, ಪೂಜಿ ಮಾಡಿಸಿ, ಕುಂಬಳಕಾಯಿ ಒಡದು, ಆತಪ್ಪ, ಮುಗೀತು ಅಂತ ಅದಕ್ಕ ಹೇಳೀವಿ. ಈಗ ಮತ್ತ ನೆಪ್ಪು ಮಾಡಿದ್ರ ಅಂಜ್ತೈತಿ. ಅಂಜಿದ ಗಾಡಿ ಮತ್ತ ಬೀಳ್ತೈತಿ."

ಆಮೇಲೆ ಎಲ್ಲವನ್ನೂ ಬಿಚ್ಚಿ ಹೇಳಿದರು, ಯಾವ ಕಂಪನಿ, ಎಷ್ಟು ಬಂತು, ಎಲ್ಲವನ್ನೂ. ಒಂದು ಅಕ್ಷರ ಬಚ್ಚಿಡಲಿಲ್ಲ. ಅಂದಿನಿಂದ ನಾನು ಹಳೆಯ ಕ್ಲೇಮಿನ ಮಾತನ್ನು ಗಾಡಿಗೆ ಕೇಳಿಸದಷ್ಟು ದೂರ ಹೋಗಿಯೇ ಕೇಳುತ್ತಿದ್ದೆ. ಎಲ್ಲರೂ ಹೀಗೆ ನಂಬುತ್ತಾರೆಂದಲ್ಲ. ಆದರೆ ನಂಬುವವರು ಎಲ್ಲ ಊರಲ್ಲೂ ಇದ್ದರು. ಅವರು ಹೂವಿನ ಹಾರ ಹಾಕಿದ ಸ್ಟೇರಿಂಗಿನ ಮುಂದೆ ಕೂತು "ಏನೂ ಆಗಿಲ್ರಿ" ಅನ್ನುವಾಗ ಸುಳ್ಳು ಹೇಳುತ್ತಿರಲಿಲ್ಲ. ಮಗುವಿನ ಎದುರಿಗೆ ಸಾವಿನ ಸುದ್ದಿ ಎತ್ತಬಾರದೆಂದು ನಾವೂ ಹಾಗೆ ಮಾಡುತ್ತೇವೆ.

ಇದನ್ನು ಕೇಳಿ ಮೆತ್ತಗಾಗಬೇಡಿ. ಕೊಟ್ಟೂರಿನ ಒಬ್ಬ ವ್ಯಾಪಾರಿ ಈ ನಂಬಿಕೆಯನ್ನೇ ಬಂಡವಾಳ ಮಾಡಿಕೊಂಡಿದ್ದ. ಒಂದೇ ಮುರಿದ ಬಂಪರಿಗೆ ಎರಡು ಕಂಪನಿಗಳಿಂದ ಪರಿಹಾರ ಪಡೆದು ಮೂರನೆಯದಕ್ಕೆ ನಮ್ಮ ಹತ್ತಿರ ಬಂದಿದ್ದ. ನಾನು ಬಾಯಿ ತೆರೆಯುವ ಮುನ್ನವೇ ತುಟಿಯ ಮೇಲೆ ಬೆರಳಿಟ್ಟು, "ಶ್... ಬ್ಯಾಡ್ರಿ, ಗಾಡಿ ಕೇಳಿಸ್ಕಂತೈತಿ" ಅಂದ. ಸರಿ ಎಂದು ಹೋಟೆಲ್ಲಿಗೆ ಕರೆದುಕೊಂಡು ಹೋದೆ. ಮಂಡಕ್ಕಿ, ಮಿರ್ಚಿ ತರಿಸಿದೆ. ಅಲ್ಲೂ ಅವನು ಮಿರ್ಚಿಗೆ ಬಾಯಿ ತೆರೆದನೇ ಹೊರತು ಮಾತಿಗಲ್ಲ. ಹೋಟೆಲ್ಲಿನಲ್ಲೂ ಬಾಯಿ ಬಿಡದವನು ಗಾಡಿಗೆ ಅಂಜಿದವನಲ್ಲ, ನಮಗೆ ಅಂಜಿದವನು. ಅವನ ಅರ್ಜಿಯನ್ನು ತಳ್ಳಿಹಾಕಬೇಕೆಂದು ಬರೆದೆ. ಆ ರಾತ್ರಿ ಸುಖವಾಗಿ ನಿದ್ದೆ ಮಾಡಿದೆ.

ಕಾಲ ಬದಲಾಯಿತು. ಬೇರೆ ಬೇರೆ ಕಂಪನಿಗಳ ಕ್ಲೇಮುಗಳೆಲ್ಲ ಒಂದೇ ಕಡೆ ಸೇರಿ, ಗಾಡಿಯ ನಂಬರು ಒತ್ತಿದರೆ ಅದರ ಪೂರ್ವಾಶ್ರಮವೆಲ್ಲ ಕಂಪ್ಯೂಟರಿನ ತೆರೆಯ ಮೇಲೆ ಬರತೊಡಗಿತು. ನನ್ನ ಗೆಣ್ಣು ತಟ್ಟುವ ವಿದ್ಯೆಯನ್ನು ಕೇಳುವವರಿಲ್ಲವಾದರು. ಆಮೇಲೆ ಫೋನಿನಲ್ಲಿ ಹೇಳಿಕೆ ಚಿತ್ರೀಕರಿಸುವ ಪದ್ಧತಿ ಬಂತು. ಮಾಲೀಕರ ಮುಖ, ಹಿಂದೆ ಗಾಡಿ, ಗಾಡಿಯ ನಂಬರ್ ಪ್ಲೇಟು, ಮೂರೂ ಒಂದೇ ಚಿತ್ರದಲ್ಲಿ ಕಾಣಬೇಕು. ಯಾರದೋ ಗಾಡಿಗೆ ಯಾರೋ ಹೇಳಿಕೆ ಕೊಡಬಾರದೆಂದು ಮಾಡಿದ ಒಳ್ಳೆಯ ನಿಯಮ ಅದು. ಆದರೆ ಅದನ್ನು ಮಾಡಿದವರು ತಂಬ್ರಹಳ್ಳಿಯ ಬಾವಿಕಟ್ಟೆಯ ಮೇಲೆ ಕೂತವರಲ್ಲ.

ಆ ನಿಯಮದ ಬಾಯಿಗೆ ಸಿಕ್ಕವನು ಹಡಗಲಿ ಕಡೆಯ ದೊಡ್ಡಬಸಪ್ಪ. ನನ್ನ ನೌಕರಿಯ ಕೊನೆಯ ವರ್ಷದ ಮಾತು ಇದು. ಅವನದೊಂದು ಸಣ್ಣ ಟೆಂಪೊ. ನಸುಕಿಗೆ ತೋಟತೋಟಕ್ಕೆ ಹೋಗಿ ಮಲ್ಲಿಗೆ ಮೊಗ್ಗಿನ ಗಂಟುಗಳನ್ನು ತುಂಬಿಕೊಂಡು ದಾವಣಗೆರೆಯ ಹೂವಿನ ಮಾರುಕಟ್ಟೆಗೆ ಮುಟ್ಟಿಸುವುದು ಅವನ ಕಸುಬು. ಹೊಳಲಿನ ಹತ್ತಿರ ಎಮ್ಮೆಯೊಂದು ಅಡ್ಡ ಬಂದು, ಗಾಡಿ ರಸ್ತೆ ಬಿಟ್ಟು ಹೊಲಕ್ಕೆ ಉರುಳಿತು. ಅವನ ಕಾಲು ಮುರಿಯಿತು. ನಾನು ಮರುದಿನ ಹಗರಿಬೊಮ್ಮನಹಳ್ಳಿಯಲ್ಲಿ ಇಮಾಮ್ ಸಾಬರ ಗ್ಯಾರೇಜಿಗೆ ಹೋದಾಗ ಗಾಡಿಯನ್ನು ಅಲ್ಲಿಗೆ ಎಳೆದು ತಂದಿದ್ದರು. ನಜ್ಜಿಹೋದ ಬಾನೆಟ್ಟಿನ ಸಂದಿಯಲ್ಲಿ ಸಿಕ್ಕಿಕೊಂಡ ಮೊಗ್ಗುಗಳು ಅಲ್ಲೇ ಅರಳಿದ್ದವು. ಗ್ರೀಸು, ಡೀಸೆಲ್ ವಾಸನೆಯನ್ನೆಲ್ಲ ಆ ಪರಿಮಳ ಹಿಂದಕ್ಕೆ ಹಾಕಿತ್ತು. ಇಂಥ ಅಪಘಾತವನ್ನು ನಾನು ಮತ್ತೆ ನೋಡಲಿಲ್ಲ.

ಪೆಟ್ಟು ನಿಜ, ಅಪಘಾತ ನಿಜ. ಆದರೆ ತೆರೆಯ ಮೇಲೆ ಹಳೆಯ ಕ್ಲೇಮೊಂದು ಕಂಡಿತು. ಹಿಂದಿನ ವರ್ಷ ಹರಪನಹಳ್ಳಿಯಲ್ಲಿ ನಿಂತಿದ್ದ ಈ ಗಾಡಿಗೆ ಬಸ್ಸೊಂದು ಸವರಿ, ಬೇರೆ ಕಂಪನಿ ಪರಿಹಾರ ಕೊಟ್ಟಿತ್ತು. ನಮ್ಮ ಕಂಪನಿಗೆ ಬಂದಾಗ ದೊಡ್ಡಬಸಪ್ಪ ಅದನ್ನು ಹೇಳಿರಲಿಲ್ಲ, ಬೋನಸ್ ಪಡೆದಿದ್ದ. ಕಚೇರಿಯ ಹುಡುಗರು ಹೋಗಿ ಎರಡು ಸಲ ಅವನ ಹೇಳಿಕೆ ಚಿತ್ರೀಕರಿಸಿ ತಂದರು. ಹಿಂದೆ ಗಾಡಿ, ಮುಂದೆ ಅವನು. ಎರಡು ಸಲವೂ ಅವನದು ಒಂದೇ ಮಾತು: "ಇದಕ್ಕ ಹಿಂದ ಏನೂ ಆಗಿಲ್ರಿ." ಉದ್ದೇಶಪೂರ್ವಕವಾಗಿ ವಿಷಯ ಬಚ್ಚಿಟ್ಟಿದ್ದಾರೆ, ಪರಿಹಾರ ಇಲ್ಲ ಎಂದು ಕಚೇರಿಯಿಂದ ಪತ್ರ ಹೋಯಿತು.

ದೊಡ್ಡಬಸಪ್ಪನ ಹೆಂಡತಿ ಗಂಗಮ್ಮ ಆ ಪತ್ರ ಹಿಡಿದುಕೊಂಡು ಕೊಟ್ಟೂರಿನ ನಮ್ಮ ಮನೆಗೇ ಬಂದಳು.

"ಅಣ್ಣಾರ, ತೋಟದವ್ರು ಇನ್ನೂ ನಮ್ಮ ದಾರಿ ನೋಡಾಕತ್ಯಾರ. ಬಾಡಿಗಿ ಗಾಡಿ ಹಿಡದು ಹೂವು ಮುಟ್ಟಸಾಕತ್ತೀನಿ, ಏನೂ ಉಳಿಯಂಗಿಲ್ಲ. ಒಮ್ಮೆ ಇನ್ನೊಬ್ಬರ ಕೈಗೆ ಹೋತಂದ್ರ ಆ ದಾರಿ ಮತ್ತ ನಮಗ ಬರಂಗಿಲ್ಲ. ಮಲ್ಲಿಗಿ ಯಾರಿಗೂ ಕಾಯಂಗಿಲ್ರಿ."

"ಬಸಪ್ಪ ಏನಂತಾನ?" ಎಂದೆ.

"ಅವ್ರು ದುಡ್ಡಿನ ಮಾತೇ ಆಡವಲ್ರು. ನನ್ನ ಸುಳ್ಳ ಅಂತ ಬರದಾರ, ನನ್ನ ಸುಳ್ಳ ಅಂತ ಬರದಾರ ಅಂತ ಅದನ್ನ ಅನಕೋಂತ ಗ್ಯಾರೇಜಿನ್ಯಾಗ ಗಾಡಿ ಒಳಗ ಕುಂದರ್ತಾರ. ಊಟಾನೂ ಅಲ್ಲೇ."

ಮೊದಲು ವಿಮೆಯ ಏಜೆಂಟ್ ವೀರೇಶನನ್ನು ಹಿಡಿದೆ. ಅವನು ಗಂಗಮ್ಮನಿಗೆ ದೂರದ ನೆಂಟ. ಪಾಲಿಸಿ ಮಾಡಿಸಿದ ದಿನ ಅಂಗಳದಲ್ಲಿ ತೊಳೆದು ನಿಲ್ಲಿಸಿದ್ದ ಗಾಡಿಯ ಎದುರಿಗೇ, ಹಿಂದೆ ಕ್ಲೇಮು ಆಗಿದೆಯೇ ಎಂದು ಕೇಳಿದ್ದನಂತೆ. ಬಸಪ್ಪ ಇಲ್ಲ ಅಂದನಂತೆ. ಸಹಿ ಆಯಿತು. ಆಮೇಲೆ ವೀರೇಶನನ್ನು ಬಸ್ಸಿಗೆ ಬಿಡಲು ರಸ್ತೆಯ ತನಕ ಬಂದು, ಅಲ್ಲಿ ಹಳೆಯ ಕ್ಲೇಮಿನ ವಿಷಯ ಹೇಳಿದ್ದನಂತೆ.

"ಮತ್ತ ನೀನು ತಿದ್ದಲಿಲ್ಲೇನು?"

"ತಿದ್ದಬೇಕಂತ ಇದ್ದೆ ಸರ್. ಅಷ್ಟರಾಗ ಬಸ್ ಬಂತು."

ಇದನ್ನು ಬರೆದುಕೊಡು ಅಂದರೆ, "ನೆಪ್ಪಿಲ್ಲ ಅಂತ ಬರ್ಕೊಳ್ರಿ ಸರ್, ಏಜೆನ್ಸಿ ಹೋಗ್ತೈತಿ" ಎಂದು ಕೈಮುಗಿದ. ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತು ಎನ್ನುವುದು ಇಂಥವರಿಗೇ ಇರಬೇಕು.

ನಮ್ಮ ಮೇಲಧಿಕಾರಿ ವಿಜಯಲಕ್ಷ್ಮಿ ಮೇಡಂ. ಮೈಸೂರಿನ ಕಡೆಯವರು, ಲೆಕ್ಕಕ್ಕೆ ಪಕ್ಕಾ, ಯಾರ ಮುಲಾಜಿಗೂ ಬೀಳದವರು. ಅವರಿಗೆ ಎಲ್ಲ ವಿವರಿಸಿದೆ. ಕೊನೆಯವರೆಗೂ ಕೇಳಿಸಿಕೊಂಡರು.

"ಕೊಟ್ರೇಶ್ ಅವರೇ, ಗಾಡಿಗೆ ಕಿವಿ ಇದೆ ಅಂತ ನಾನು ಫೈಲಿನಲ್ಲಿ ಬರೆಯೋಕಾಗುತ್ತಾ?"

"ಅದನ್ನ ಬರೀಬೇಡಿ ಮೇಡಂ. ಬೋನಸ್ ಕೊಡೋ ಮುಂಚೆ ಹಳೇ ಕಂಪನಿಯನ್ನ ವಿಚಾರಿಸಬೇಕಾದದ್ದು ನಮ್ಮ ಕೆಲಸವೂ ಹೌದಲ್ವಾ? ನಾವು ವಿಚಾರಿಸಲಿಲ್ಲ. ಅದನ್ನ ಬರೀರಿ."

"ಅದು ನಮ್ಮ ತಪ್ಪು, ಒಪ್ಪುತ್ತೇನೆ. ಆದರೆ ಅವರು ಬಚ್ಚಿಡಲಿಲ್ಲ ಅನ್ನೋದಕ್ಕೆ ಏನಿದೆ? ಎರಡು ಸಲ ಇಲ್ಲ ಅಂದಿದ್ದಾರೆ. ಒಂದೇ ಒಂದು ಸಲ ಹೌದು ಅನ್ನಲಿ, ನಿಯಮದ ಪ್ರಕಾರ, ಗಾಡಿಯ ಮುಂದೆ. ನಾನೇ ಬರುತ್ತೇನೆ."

ಅವರು ಬಂದರು. ಮಧ್ಯಾಹ್ನದ ಬಿಸಿಲಲ್ಲಿ ಗ್ಯಾರೇಜಿನ ತಗಡು ಸಣ್ಣಗೆ ಸದ್ದು ಮಾಡುತ್ತಿತ್ತು. ರೈಲ್ವೆ ಸ್ಟೇಷನ್ನಿನ ಕಡೆಯಿಂದ ಒಂದು ಸೀಟಿ ಕೇಳಿ, ಮತ್ತೆ ಎಲ್ಲ ನಿಶ್ಶಬ್ದವಾಯಿತು. ದೊಡ್ಡಬಸಪ್ಪ ಊರುಗೋಲಿಗೆ ಒರಗಿ ಗಾಡಿಯ ಮುಂದೆ ನಿಂತ. ಮೇಡಂ ಫೋನು ಎತ್ತಿ ಹಿಡಿದರು. ಹಿಂದೆ ಈ ವಾಹನಕ್ಕೆ ಅಪಘಾತ ಆಗಿತ್ತೇ, ಪರಿಹಾರ ಪಡೆದಿದ್ದೀರಾ ಎಂದು ಸ್ಪಷ್ಟವಾಗಿ, ಗಟ್ಟಿಯಾಗಿ ಕೇಳಿದರು.

ಬಸಪ್ಪ ಬೆವೆತ. ಗಾಡಿಯ ಕಡೆ ತಿರುಗಿ ನೋಡಿದ.

"ಬಸಪ್ಪಾ, ಹೇಳಿಬಿಡು" ಎಂದೆ.

"ಇಷ್ಟ್ ದಿನ ನನ್ನ ಕೂಡ ದುಡದೈತಿ ಸರ್. ಪೆಟ್ಟು ತಿಂದು ನಿಂತೈತಿ. ಈಗ ಹಳೇದನ್ನೂ ಎತ್ತಿ ಆಡ್ಲೇನು ಅದರ ಮುಂದ?"

ಅವನ ದನಿ ಒಡೆದಿತ್ತು. ಮೂರನೆಯ ಸಲವೂ ಇಲ್ಲ ಎಂದುಬಿಟ್ಟರೆ ಮುಗಿಯಿತು, ಹೂವಿನ ದಾರಿ ಹೋಯಿತು, ಸುಳ್ಳನೆಂಬ ಹೆಸರು ಖಾಯಂ ಆಯಿತು. ಮೇಡಂ ಫೋನು ಇಳಿಸಿ ಗಡಿಯಾರ ನೋಡಿಕೊಂಡರು.

ಆಗ ಒಂದು ಬದಿಗೆ ಕೂತಿದ್ದ ಗಂಗಮ್ಮ ಎದ್ದಳು. ಹೂವಿನ ಗಂಟು ಕಟ್ಟುವ ಒದ್ದೆ ಬಟ್ಟೆಯೊಂದನ್ನು ಕೈಗೆತ್ತಿಕೊಂಡು ಗಾಡಿಯನ್ನು ಸುತ್ತು ಹಾಕಿದಳು. "ಕಿವಿ ಎಲ್ಲಿ ಅದಾವ್ರಿ ಇದಕ್ಕ?" ಎಂದು ಕೇಳಿದಳು.

ಯಾರೂ ನಗಲಿಲ್ಲ. ಮೂಲೆಯಲ್ಲಿ ಟೈರಿನ ಮೇಲೆ ಕೂತಿದ್ದ ಇಮಾಮ್ ಸಾಬರು ಗಡ್ಡ ನೀವಿಕೊಂಡು ಆಲೋಚಿಸಿ, "ಆ ಕಡಿ ಈ ಕಡಿ ಕನ್ನಡಿ ಇರ್ತಾವಲ್ಲವ್ವ, ಅವೇ ಅಂತ ತಿಳ್ಕ. ಅವನ್ನ ಮುಚ್ಚು" ಅಂದರು. ಮೂವತ್ತು ವರ್ಷ ಗಾಡಿ ರಿಪೇರಿ ಮಾಡಿದವರು ಇಂಜಿನ್ನಿನ ಬಗ್ಗೆ ಮಾತಾಡುವಷ್ಟೇ ಗಂಭೀರವಾಗಿ ಹೇಳಿದರು.

ಗಂಗಮ್ಮ ಬಲಗಡೆಯ ಕನ್ನಡಿಗೆ ಬಟ್ಟೆ ಸುತ್ತಿದಳು. ಎಡಗಡೆಯದು ಅಪಘಾತದಲ್ಲಿ ಕಿತ್ತುಹೋಗಿ ಬರೀ ಮೋಟು ಉಳಿದಿತ್ತು. ಅದರ ಮೇಲೆ ತನ್ನ ಅಂಗೈ ಇಟ್ಟು ಒತ್ತಿ ಹಿಡಿದು, ಗಂಡನಿಗೆ ತಲೆಯಾಡಿಸಿದಳು. ಮೇಡಂ ಮತ್ತೆ ಫೋನು ಎತ್ತಿ ಹಿಡಿದರು. ನಂಬರ್ ಪ್ಲೇಟು ಕಾಣುತ್ತಿತ್ತು. ನಿಯಮಕ್ಕೆ ಎಲ್ಲೂ ಊನವಾಗಿರಲಿಲ್ಲ.

ಬಸಪ್ಪ ಒಂದು ಹೆಜ್ಜೆ ಮುಂದೆ ಬಂದು ಪಿಸುಗುಟ್ಟಿದ. "ಹೌದ್ರಿ. ಹೋದ ವರ್ಷ ಬಸ್ಸು ಬಡದಿತ್ತು. ಹಳೇ ಕಂಪನಿಯವ್ರು ಕೊಟ್ಟಾರ. ಅವತ್ತೇ ಹೇಳೀನ್ರಿ ನಾನು, ರಸ್ತೆದಾಗ, ಏಜೆಂಟಗ. ನಾನು ಸುಳ್ಳ ಅಲ್ರಿ."

ಮೇಡಂ ಇನ್ನೊಂದು ಪ್ರಶ್ನೆ ಕೇಳಬೇಕಿತ್ತು, ಬೋನಸ್ಸಿನ ಪಾಲನ್ನು ಹಿಡಿದುಕೊಂಡು ಉಳಿದದ್ದನ್ನು ಕೊಟ್ಟರೆ ಒಪ್ಪಿಗೆಯೇ ಎಂದು. ಬಾಯಿ ತೆರೆದವರು ಗಂಗಮ್ಮನ ಅಂಗೈಯನ್ನೊಮ್ಮೆ ನೋಡಿದರು. ಬಸಪ್ಪನ ಹತ್ತಿರಕ್ಕೆ ಹೋಗಿ, ಸ್ವಲ್ಪ ಬಗ್ಗಿ, ಆ ಪ್ರಶ್ನೆಯನ್ನು ಪಿಸುಮಾತಿನಲ್ಲೇ ಕೇಳಿದರು. ಅವನೂ ಪಿಸುಮಾತಿನಲ್ಲೇ ಒಪ್ಪಿದ.

ಕಚೇರಿಗೆ ಬಂದು ಹಾಕಿ ನೋಡಿದರೆ ಆ ಚಿತ್ರದಲ್ಲಿ ಕಾಗೆಗಳ ಸದ್ದು ಬಿಟ್ಟು ಬೇರೇನೂ ಕೇಳುತ್ತಿರಲಿಲ್ಲ. ಈಗೇನು ಮಾಡೋದು ಎಂದು ನಾನು ಮೇಡಂ ಮುಖ ನೋಡಿದೆ. "ನನಗೆ ಕೇಳಿಸಿದೆಯಲ್ಲ. ನಾನು ಕೇಳಿದ್ದನ್ನು ಬರೆದು ಸಹಿ ಹಾಕುತ್ತೇನೆ" ಎಂದರು. ನಮ್ಮ ಕಡೆಯಿಂದ ಹಳೆಯ ಕಂಪನಿಯನ್ನು ವಿಚಾರಿಸದೆ ಇದ್ದದ್ದನ್ನೂ ಅವರೇ ಬರೆದರು. ಮೇಲಿನವರು ಒಪ್ಪುವ ತನಕ ನಾನು ದಿನಾ ಮೇಡಂ ಬಾಗಿಲಲ್ಲಿ ಇಣುಕುತ್ತಿದ್ದೆ.

ಒಪ್ಪಿಗೆ ಬಂದ ದಿನ ನಾನೇ ದೊಡ್ಡಬಸಪ್ಪನಿಗೆ ಫೋನು ಮಾಡಿದೆ. ಎಲ್ಲಿದ್ದೀ ಎಂದರೆ, ಗಾಡಿ ಒಳಗೇ ಕುಂತೀನಿ ಅಂದ.

"ಬಸಪ್ಪಾ, ನಿನ್ನ ಕ್ಲೇಮಿನ ವಿಷಯ..."

"ತಡೀರಿ ಸರ್, ತಡೀರಿ" ಎಂದು ಗಾಬರಿಯಾದ. ಊರುಗೋಲು ತಡಕಾಡುವ ಸದ್ದು, ಬಾಗಿಲು ಕಿರುಗುಟ್ಟುವ ಸದ್ದು ಕೇಳಿಸಿತು. "ಇಳದು ಆ ಕಡಿ ಹೋಗಿ ಮಾತಾಡ್ತೀನಿ."

"ಇಳೀಬ್ಯಾಡೋ" ಎಂದೆ. "ರಿಪೇರಿಗೆ ರೊಕ್ಕ ಮಂಜೂರಾಗೈತಿ. ನೀನು ಸುಳ್ಳ ಅಲ್ಲ ಅಂತ ಬರದು ಸಹಿ ಹಾಕ್ಯಾರ. ಅಲ್ಲೇ ಕುಂದ್ರು. ಇದನ್ನ ಗಾಡಿನೂ ಕೇಳ್ಲಿ."